ಬೀಗದ ಒಳಭಾಗ

ಮಗಳ ಬಾಣಂತನ ಮುಗಿಸಿ ಬಂದ ವನಮಾಲಾಗೆ, ತಾನೊಬ್ಬಳೇ ಇರುವ ಫ್ಲಾಟಿನ ಬಾಗಿಲು ತೆರೆಯಲಾಗಲಿಲ್ಲ. ಬೆರಳಿಟ್ಟರೆ ತೆರೆಯಬೇಕಿದ್ದ ಹೊಸ ಬೀಗ ಕೆಟ್ಟಿತ್ತು. ಬೀಗ ರಿಪೇರಿಯವನನ್ನು ಕರೆತಂದು, ಯಾವುದಕ್ಕೂ ಇರಲಿ ಎಂದು ಕಂಪನಿಗೆ ಫೋನ್ ಮಾಡಿದಳು.

“ಹೊರಗಿನವರು ಮುಟ್ಟಿದ್ರೆ ವಾರಂಟಿ ಹೋಗುತ್ತೆ ಮೇಡಂ. ನಮ್ಮವರೇ ಗುರುವಾರ ಬರ್ತಾರೆ.”

“ಅಲ್ಲೀವರೆಗೂ ಮೆಟ್ಟಿಲ ಮೇಲೆ ಮಲಗ್ಲಾ? ನನ್ನ ಬೀಗ ರಿಪೇರಿ ಮಾಡಿಸ್ಕೊಳ್ಳೋಕೆ ನಂಗೆ ಹಕ್ಕಿಲ್ವಾ?”

“ಬೀಗ ನಿಮ್ದೇ ಮೇಡಂ, ಅದರ ಒಳಭಾಗ ಮಾತ್ರ ಕಂಪನೀದು. ಹೆದರ್ಬೇಡಿ, ಕಳ್ಳನೂ ಒಳಗೆ ಹೋಗೋಕಾಗಲ್ಲ.”

ಬೇರೆ ದಾರಿ ಕಾಣದೆ ಅವಳು ರಿಪೇರಿಯವನಿಗೆ ಹೋಗೆಂದು ಸನ್ನೆ ಮಾಡಿದಳು.

ಅಷ್ಟರಲ್ಲಿ ಯಾರೋ ಒಳಗಿನಿಂದ ಬಾಗಿಲು ಬಡಿದರು.

“ಅಮ್ಮಾ, ದಮ್ಮಯ್ಯ, ಅವ್ರನ್ನ ಕಳಿಸ್ಬೇಡಿ! ನಿನ್ನೆಯಿಂದ ನಾನೂ ಅದೇ ಕಂಪನಿಗೆ ಫೋನ್ ಮಾಡ್ತಿದೀನಿ.”