ಟೈಲರಕ್ಕ ಓದಿದ ಮಾತು

"ಅಕ್ಕನ್ನ ಕೇಳೋದೇನಿದೆ? ಎಲ್ಲದಕ್ಕೂ ತಲೆ ಆಡಿಸ್ತಾಳೆ," ಎಂದ ಲ್ಯಾಪ್‌ಟಾಪಿನ ಪರದೆಯಲ್ಲಿದ್ದ ದೊಡ್ಡ ತಮ್ಮ. ಅವನ ಮುಖದ ಕೆಳಗೆ ಅದೇ ಮಾತು ಅಕ್ಷರಗಳಲ್ಲಿ ಮೂಡಿತು. ಬೀದಿಯವರೆಲ್ಲ ಟೈಲರಕ್ಕ ಎಂದು ಕರೆಯುವ ಅವಳು ಅದನ್ನು ಎರಡು ಸಲ ಓದಿದಳು.

ಜ್ವರ ಬಂದು ಅವಳ ಕಿವಿ ಹೋಗಿ ಆರು ವರ್ಷವಾಗಿತ್ತು. ಪ್ರತಿ ಭಾನುವಾರದ ವಿಡಿಯೊ ಕಾಲ್‌ನಲ್ಲಿ ಉಳಿದವರು ನಕ್ಕಾಗ ನಗುತ್ತ, ತನ್ನ ಕಡೆ ನೋಡಿದಾಗ ತಲೆಯಾಡಿಸುತ್ತ ಕೂತಿರುತ್ತಿದ್ದಳು. ಆಡಿದ ಮಾತನ್ನು ಆಗಿಂದಾಗಲೇ ಬರಹದಲ್ಲಿ ತೋರಿಸುವ ಹೊಸ ಸೌಲಭ್ಯವನ್ನು ತಂಗಿಯ ಮಗಳು ಆವತ್ತು ಬೆಳಿಗ್ಗೆಯಷ್ಟೇ ಹಾಕಿಕೊಟ್ಟಿದ್ದಳು. ತಮ್ಮಂದಿರಿಗೆ ಅದು ಗೊತ್ತಿರಲಿಲ್ಲ.

"ಅಕ್ಕ ಹೊಲಿಯೋ ಮುಂದಿನ ರೂಮು ಖಾಲಿಯಾದ್ರೆ ನನ್ನ ಆಫೀಸಿಗೆ ಸರಿಹೋಗತ್ತೆ," ಎಂಬ ಸಾಲು ಚಿಕ್ಕ ತಮ್ಮನ ಮುಖದ ಕೆಳಗೆ ಬಂತು. "ಹೊಲಿಗೆ ಮಷಿನ್ ಮಾರಿಬಿಡೋಣ. ಇನ್ನು ಅವಳಿಗ್ಯಾಕೆ ಅದು?" ಆಮೇಲೆ ಇಬ್ಬರೂ ಅವಳ ಕಡೆ ತಿರುಗಿ ಬಾಯ್ತುಂಬ ನಕ್ಕರು. ದೊಡ್ಡವನು ಹೆಬ್ಬೆರಳೆತ್ತಿ, ಸರೀನಾ ಎಂಬಂತೆ ಹುಬ್ಬು ಹಾರಿಸಿದ. ಅಭ್ಯಾಸಬಲದಿಂದ ಅವಳ ತಲೆ ಆಡುವುದರಲ್ಲಿತ್ತು.

ಅವಳು ತಡೆದಳು. "ಆ ರೂಮಲ್ಲಿ ಹನ್ನೊಂದು ಜನರ ಬಟ್ಟೆ ಹೊಲಿಯೋದಿದೆ. ಮಷಿನ್ನೂ ಮಾರಲ್ಲ, ರೂಮೂ ಬಿಡಲ್ಲ," ಎಂದಳು. ತನ್ನ ದನಿ ಎಷ್ಟು ಜೋರಾಗಿತ್ತೋ ಅವಳಿಗೆ ತಿಳಿಯಲಿಲ್ಲ. "ನೀವು ಮಾತಾಡಿದ್ದೆಲ್ಲ ಇಲ್ಲಿ ಬರ್ತಿದೆ ಕಣ್ರೋ. ಮೊದಲಿಂದ ಓದ್ತಾ ಇದ್ದೀನಿ." ಚಿಕ್ಕವನ ನಗು ಅಲ್ಲೇ ನಿಂತಿತು. ದೊಡ್ಡವನು ಎತ್ತಿದ್ದ ಹೆಬ್ಬೆರಳನ್ನು ಕೆಳಗಿಳಿಸಿದ. ಟೈಲರಕ್ಕ ಕನ್ನಡಕ ಸರಿಮಾಡಿಕೊಂಡು, ಪರದೆಯ ಹತ್ತಿರಕ್ಕೆ ಕುರ್ಚಿ ಎಳೆದುಕೊಂಡಳು.