ಭಾನುವಾರ ಸಂಜೆ ಐದು ಗಂಟೆ

ಹುಡುಗ ಒಪ್ಪಿದ್ದ, ವಿಶಾಲಾಕ್ಷಿಯ ಮಗಳೂ ಒಪ್ಪಿದ್ದಳು. ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟು ಹುಡುಗನ ತಾಯಿ, "ಭಾನುವಾರ ಸಂಜೆ ಐದಕ್ಕೆ ನಿಶ್ಚಿತಾರ್ಥ ಮುಗಿಸಿಬಿಡೋಣ" ಎಂದರು.

"ಆ ಹೊತ್ತಿಗೆ ನನಗಾಗಲ್ಲಮ್ಮ" ಎಂದ ವಿಶಾಲಾಕ್ಷಿಯ ಗಂಡ.

"ಮಗಳ ನಿಶ್ಚಿತಾರ್ಥಕ್ಕಿಂತ ದೊಡ್ಡ ಕೆಲಸವೇ?"

"ಕುಡಿತ ಬಿಟ್ಟವರ ಸಭೆ ಇರುತ್ತೆ. ಮೂರು ವರ್ಷದಿಂದ ಒಂದು ವಾರವೂ ತಪ್ಪಿಸಿಲ್ಲ."

ಆಕೆ ಎದ್ದೇಬಿಟ್ಟರು. "ಕುಡುಕರ ಮನೆ ಹೆಣ್ಣು ನಮಗೆ ಬೇಡ. ನಡಿಯೋ!" ಹುಡುಗ ತಲೆ ತಗ್ಗಿಸಿ ಹಿಂದೆ ಹೋದ. ಮಗಳು ಕೋಣೆಗೆ ಹೋಗಿ ಚಿಲಕ ಹಾಕಿಕೊಂಡಳು.

ವಿಶಾಲಾಕ್ಷಿಗೆ ಮೈಯೆಲ್ಲ ಉರಿಯಿತು. ಗಂಡ ಕುಡಿಯುತ್ತಿದ್ದಾಗ ಸುಳ್ಳುಗಳನ್ನೆಲ್ಲ ಹೇಳಿದವಳು ಅವಳೇ. ಆಫೀಸಿನವರಿಗೆ ಜ್ವರ ಅಂದಿದ್ದಳು, ನೆಂಟರಿಗೆ ಪರವೂರಿಗೆ ಹೋಗಿದ್ದಾರೆ ಅಂದಿದ್ದಳು.

"ಹದಿನೈದು ವರ್ಷ ನಿಮ್ಮ ಮಾನ ಮುಚ್ಚಿದೆನಲ್ಲ! ಮಗಳಿಗೋಸ್ಕರ ಒಂದೇ ಒಂದು ಸಲ ನಿಮಗೆ ಸುಮ್ಮನಿರೋಕೆ ಆಗಲಿಲ್ವಾ?"

"ಎಲ್ಲರೂ ಮುಚ್ಚಿಟ್ಟಿದ್ದಕ್ಕೇ ಅಲ್ವೇನೇ ನಾನು ಅಷ್ಟು ವರ್ಷ ಕುಡಿದದ್ದು?"

"ನನ್ನ ಮೇಲೇ ಹಾಕ್ತೀರಾ?" ಅವಳು ತಟ್ಟೆಗಳನ್ನು ಸಿಂಕಿಗೆ ಎಸೆದಳು. ಒಂದು ಲೋಟ ಉರುಳಿ ನೆಲಕ್ಕೆ ಬಿತ್ತು.

ಅಷ್ಟರಲ್ಲಿ ಯಾರೋ ಬಾಗಿಲು ತಟ್ಟಿದರು. ತೆಗೆದರೆ ಹುಡುಗನ ತಾಯಿ, ಒಬ್ಬರೇ.

"ಯಾಕೆ, ಇನ್ನೂ ಬೈಯೋದು ಬಾಕಿಯಿತ್ತಾ?" ಎಂದಳು ವಿಶಾಲಾಕ್ಷಿ.

ಆಕೆ ಒಳಗೆ ಬಂದು ಬಾಗಿಲು ಮುಂದೆ ಮಾಡಿ, ವಿಶಾಲಾಕ್ಷಿಯ ಗಂಡನ ಹತ್ತಿರ ಹೋಗಿ ದನಿ ತಗ್ಗಿಸಿ ಕೇಳಿದರು:

"ಆ ಸಭೆಗೆ ನನ್ನ ಮಗನನ್ನೂ ಸೇರಿಸ್ಕೊಳ್ತಾರಾ?"