ಸಾಯದ ಸಮುದ್ರ

‘ಸಾವಿನ ದರ’ ಎಂಬ ಸಾಲಿನ ಮುಂದೆ ಸೊನ್ನೆ ಇತ್ತು. ಅಕ್ಕನ ಬೆರಳು ಪರದೆಯ ಮೇಲೆ ಅಲ್ಲೇ ನಿಂತಿತು. ಕಂಪ್ಯೂಟರಿನೊಳಗೆ ಅಕ್ಕ-ತಮ್ಮ ಸೇರಿ ಕಟ್ಟಿದ ಸಮುದ್ರದ ಮಾದರಿ ಕೆಲವು ವಾರಗಳಿಂದ ಹಟ ಹಿಡಿದಿತ್ತು. ಆಳದಲ್ಲಿ, ಬೆಳಕು ಮುಗಿಯುವ ಅಂಚಿನಲ್ಲಿ, ಸೂಕ್ಷ್ಮ ಪಾಚಿಯ ಹಸಿರು ಪಟ್ಟಿಯೊಂದು ಮೂಡಬೇಕಿತ್ತು. ಎಷ್ಟು ಸಲ ಓಡಿಸಿದರೂ ಅದು ಮೂಡುತ್ತಿರಲಿಲ್ಲ.

“ಲೋ, ಪಾಚಿ ಸಾಯ್ದೇ ಇದ್ರೆ ಮೇಲಿರೋದೇ ಪೋಷಕಾಂಶನೆಲ್ಲ ನುಂಗಿ ನೀರು ಕುಡಿದುಬಿಡುತ್ತೆ. ಕೆಳಕ್ಕೆ ಬೆಳಕೂ ಬಿಡಲ್ಲ. ಸತ್ತಿದ್ದು ಇಳಿದು ಕರಗಿದ್ರೆ ತಾನೆ ಅಲ್ಲಿರೋದಕ್ಕೆ ಊಟ? ಮೊದಲನೇ ಪಾಠ ಕಣೋ ಇದು! ನಿನ್ನ ಬುದ್ಧಿ ಹುಲ್ಲು ಮೇಯಕ್ಕೆ ಹೋಗಿತ್ತಾ?”

ತಮ್ಮ ನಗಲಿಲ್ಲ. “ತಪ್ಪಿ ಬಿದ್ದಿದ್ದಲ್ಲ ಅಕ್ಕ. ನಾನೇ ಹಾಕಿದ್ದು. ಆಮೇಲೆ ಸರಿ ಮಾಡೋಣ ಅಂದ್ಕೊಂಡೆ, ಕೈಯೇ ಬರ್ಲಿಲ್ಲ.” ಕೀಲಿಮಣೆಯನ್ನು ತನ್ನತ್ತ ಎಳೆದುಕೊಂಡ. “ಅಮ್ಮ ಆಸ್ಪತ್ರೇಲಿದ್ದಾಗ ನೀನು ಸಮುದ್ರದ ಮೇಲೆ ಹಡಗಲ್ಲಿದ್ದೆ. ಫೋನೂ ಸಿಗ್ಲಿಲ್ಲ. ಅಮ್ಮಂಗೆ ಹಾಕಿದ್ದ ಉಸಿರಾಟದ ಯಂತ್ರ ತೆಗೀಬಹುದು ಅಂತ ಸಹಿ ಹಾಕಿದ್ದು ನಾನೊಬ್ಬನೇ.”

ಅಕ್ಕ ಕುರ್ಚಿಯನ್ನು ಅವನ ಪಕ್ಕಕ್ಕೆ ಎಳೆದುಕೊಂಡು ಕೂತಳು. “ನಂಬರ್ ಹಾಕು,” ಎಂದಳು, ಮೆಲ್ಲಗೆ. ಅವನು ಸೊನ್ನೆಯನ್ನು ಅಳಿಸಿ, ಮೊದಲು ಇಬ್ಬರೂ ಒಪ್ಪಿದ್ದ ಅಂಕಿಯನ್ನು ತುಂಬಿದ. ಇನ್ನು ಒಂದೇ ಗುಂಡಿ ಒತ್ತುವುದಿತ್ತು. ಅದರ ಮೇಲೆ ಅವನ ತೋರುಬೆರಳು ಹಾಗೇ ನಿಂತುಬಿಟ್ಟಾಗ, ಆ ಬೆರಳಿನ ಮೇಲೆ ತನ್ನ ಬೆರಳಿಟ್ಟು ಅಕ್ಕ ಒತ್ತಿದಳು.